ಹುಲ್ಲಿನ ಮೇಲೆ ಕೂರದಾಕೆ

ಕಳೆದ ಭಾನುವಾರ ನಮ್ಮ ಮನೆ ಮುಂದಿನ ಹುಲ್ಲನ್ನು ನಾನು ತೀರಾ ಬುಡಕ್ಕೆ ಕತ್ತರಿಸಿಬಿಟ್ಟೆ. ಮೂರು ಬೆರಳು ಬೆಳೆದರೆ ಒಂದು ಬೆರಳಷ್ಟು ತೆಗೆಯಬೇಕು, ಎರಡು ಬಿಡಬೇಕು ಎನ್ನುವುದು ನನಗೆ ಬಾಯಿಪಾಠ. ಆದರೂ ಅರ್ಧ ಅಂಗಳ ಬೋಳಾದ ಮೇಲೆಯೇ ನನ್ನ ಕೈ ನಿಂತದ್ದು. ಕತ್ತರಿ ಹಿಡಿಯುವ ಸ್ವಲ್ಪ ಮುಂಚೆ ಗದ್ವಾಲಿನಿಂದ ಫೋನ್ ಬಂದಿತ್ತು. ಈ ಹುಲ್ಲು ನೆಟ್ಟಾಕೆಯ ಹಿರಿಮಗಳು ಮೊದಲು ತೆಲುಗಿನಲ್ಲಿ "ಅಮ್ಮ ಪೋಯಿಂದಕ್ಕಾ" ಅಂದಳು. ನಾನು ಸುಮ್ಮನೆ ಇದ್ದುದರಿಂದ ಅರ್ಥವಾಗಲಿಲ್ಲವೇನೋ ಅಂದುಕೊಂಡು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. "ಅವ್ವ ಹೋದಳ್ರೀ ಅಕ್ಕ." ತೆಲಂಗಾಣದ ನಾರಾಯಣಪೇಟೆಯಲ್ಲಿ ಇಷ್ಟು ವರ್ಷ ಇದ್ದವಳಿಗೆ ಅಷ್ಟು ತೆಲುಗು ಅರ್ಥವಾಗದೆ ಇರುತ್ತದೆಯೇ? ಅರ್ಥವಾಗಿತ್ತು. ಫೋನ್ ಇಟ್ಟವಳು ಸೀದಾ ಹೋಗಿ ಕತ್ತರಿ ತೆಗೆದುಕೊಂಡೆ.

ಆಕೆಯ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಗಟ್ಟಿಯಾಗಿ ಕರೆದರೆ ಆಕೆ ಬೆಚ್ಚಿಬೀಳುತ್ತಿದ್ದಳು. ಗದ್ವಾಲಿನ ಹೊರಗೆ ಒಬ್ಬ ದೊಡ್ಡ ಗುತ್ತೇದಾರರ ಬಂಗಲೆಯಲ್ಲಿ ಮೂವತ್ತು ವರ್ಷ ಹುಲ್ಲು ನೋಡಿಕೊಂಡವಳು. ಅಲ್ಲಿ ಆ ಹೆಸರನ್ನು ಕರೆಯುತ್ತಿದ್ದದ್ದು ಬೈಯಲಿಕ್ಕೆ ಮಾತ್ರವಂತೆ. ನನ್ನ ಮಗಳು ಚಿನ್ನಿ ಆಕೆಯನ್ನು "ಕರಕಿ ಅಮ್ಮ" ಎಂದಳು. ಗರಿಕೆಗೆ ನಮ್ಮ ಕಡೆ ಕರಕಿ ಎನ್ನುತ್ತೇವೆ. ಮನೆಯವರಿಗೆಲ್ಲ ಅದೇ ರೂಢಿಯಾಯಿತು, ಆ ಹೆಸರಿಗೆ ಆಕೆ ಬೆಚ್ಚುತ್ತಿರಲಿಲ್ಲ.

ಆಕೆಯ ವಿಷಯ ಹೇಳಬೇಕಾದರೆ ನನ್ನ ಸ್ವಭಾವವನ್ನೂ ಸ್ವಲ್ಪ ಹೇಳಬೇಕು. ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವವಳು ನಾನು. ಶಾಲೆಯಲ್ಲಿ ಮಕ್ಕಳ ತಲೆ ಎಣಿಸಿ, ಕೂತು, ಎದ್ದು ಮತ್ತೊಮ್ಮೆ ಎಣಿಸುತ್ತೇನೆ. ಕನ್ನಡ ಮಾಧ್ಯಮದ ಶಾಲೆ, ಇರುವುದೇ ಹದಿನೆಂಟು ಮಕ್ಕಳು. ನನ್ನ ಗಂಡ ಮಕ್ತಲದಲ್ಲಿ ರೈತರಿಗೆ ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಯಾವ ಚಿಂತೆಯನ್ನೂ ಊಟದ ಹೊತ್ತಿಗೆ ಮರೆಯುವ ಮನುಷ್ಯ. ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡುತ್ತೇನೆ.

ಇಂಥವಳ ಮಗಳು ನಡೆಯಲು ತಡ ಮಾಡಿದಳು. ಎರಡು ತುಂಬಿದ ಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು, ಕೈಬಿಟ್ಟು ಎರಡು ಇಟ್ಟಳು. ಆಗ ನಾವಿದ್ದದ್ದು ಬಾಡಿಗೆ ಮನೆಯಲ್ಲಿ. ನಮ್ಮೂರಿನ ಎಲ್ಲ ಮನೆಗಳಂತೆ ಅಲ್ಲಿಯೂ ಒಳಗೆ ಹೊರಗೆ ಪರಸಿ ಕಲ್ಲು ಹಾಸಿದ್ದರು. ಒಂದು ಬೇಸಿಗೆಯ ಬೆಳಗ್ಗೆ ಚಿನ್ನಿ ಆ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದು ಗದ್ದ ಸೀಳಿಕೊಂಡಳು. ಮೂರು ಹೊಲಿಗೆ ಹಾಕಿದರು. ಗಾಯ ಹದಿನೈದು ದಿನಕ್ಕೆ ಮಾಯಿತು, ಆದರೆ ಚಿನ್ನಿ ನಿಲ್ಲುವುದನ್ನೇ ಬಿಟ್ಟಳು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿ ಕೂತುಬಿಡುತ್ತಿದ್ದಳು. ಮಹಬೂಬನಗರದ ಡಾಕ್ಟರು ಎಲುಬಿನಲ್ಲಿ ದೋಷವಿಲ್ಲ ಎಂದರು. ಹಿಮ್ಮಡಿಯ ಹತ್ತಿರ ಬಲ ಕಡಿಮೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ, ಮೆತ್ತನೆಯ ನೆಲದ ಮೇಲೆ ಬರಿಗಾಲಲ್ಲಿ ಬಿಡಿ ಎಂದರು. ದೀಪಾವಳಿ ಆದ ಮೇಲೆ ಕರೆದುಕೊಂಡು ಬನ್ನಿ, ಆಗಲೂ ನಡೆಯದಿದ್ದರೆ ಕಬ್ಬಿಣದ ಪಟ್ಟಿ ಇರುವ ಬೂಟು ಹಾಕಿಸಿ ಹೈದರಾಬಾದಿನಲ್ಲಿ ತೋರಿಸೋಣ ಎಂದರು. ಆ ವರ್ಷ ಹಬ್ಬಕ್ಕೆ ಉಳಿದ ದಿನಗಳನ್ನು ನಾನು ದಿನಾ ಎಣಿಸುತ್ತಿದ್ದೆ.

ಮರಿಕಲ್ ರಸ್ತೆಯಲ್ಲಿ ನಾವು ಕಟ್ಟಿಸಿದ ಮನೆಗೆ ಆಗಷ್ಟೇ ಬಂದಿದ್ದೆವು. ಅಂಗಳಕ್ಕೆ ಇನ್ನೂ ಏನೂ ಹಾಸಿರಲಿಲ್ಲ. ಇಲ್ಲಿ ಪರಸಿ ಬೇಡ, ಹುಲ್ಲು ಬೆಳೆಸೋಣ ಎಂದೆ. ಓಣಿಯವರು ನಕ್ಕರು. ಎಮ್ಮೆ ಇಲ್ಲದ ಮನೆಗೆ ಹುಲ್ಲು ಎದಕ್ಕೆ ಎಂದು ಎದುರು ಮನೆಯವರು ಕೇಳಿದರು. ನಮ್ಮ ಶಾಲೆಯ ಆಯಾ ಮಾತ್ರ ನಗದೆ, ಮಕ್ತಲದಲ್ಲಿ ಕಿರಿಮಗಳ ಮನೆಯಲ್ಲಿ ಇರುವ ಈ ಮುದುಕಿಯ ವಿಷಯ ಹೇಳಿದಳು. "ಆಕಿಗೆ ಹುಲ್ಲಿನ ಸಂಕಟ ತಿಳಿತೈತ್ರಿ ಟೀಚರಮ್ಮ" ಅಂದಳು.

ಮುಂದಿನ ಭಾನುವಾರ ಬಸ್ಸಿಳಿದು ಬಂದವಳನ್ನು ನಾನು ಇನ್ನೂ ಕಣ್ಣಿಗೆ ಕಟ್ಟಿದಂತೆ ನೋಡಬಲ್ಲೆ. ಗಿಡ್ಡ, ಒಣಕಲು ಹೆಂಗಸು. ಹಣೆಯ ಮೇಲೆ ವಿಭೂತಿ. ಕಂಕುಳಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಕುಡುಗೋಲು. ನಾನು ಕುಡಿಯಲು ನೀರು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಇದು ನಲ್ಲಿ ನೀರು ಅಲ್ಲೇನವ್ವ? ಬೋರಿಂದು ಕೊಡು."

ಬೋರಿನ ನೀರನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು ಉಗುಳಿದಳು. "ಸವಳು ಐತಿ." ಆಮೇಲೆ ಅಂಗಳದ ನಾಲ್ಕು ಕಡೆ ಕೂತು ಹೆಬ್ಬೆರಳನ್ನು ಮಣ್ಣಿಗೆ ಒತ್ತಿ ನೋಡಿದಳು. ಆ ಹೆಬ್ಬೆರಳಿಗೆ ಉಗುರೇ ಇರಲಿಲ್ಲ, ಸವೆದುಹೋಗಿತ್ತು. ನಾನು ಮೊಬೈಲಿನಲ್ಲಿ ನರ್ಸರಿಯವರು ಕಳಿಸಿದ ಚಿತ್ರ ತೋರಿಸಿದೆ. ಚಾಪೆಯ ಹಾಗೆ ಸುರುಳಿ ಸುತ್ತಿ ಲಾರಿಯಲ್ಲಿ ತರುವ, ಕಣ್ಣಿಗೆ ತಂಪಾದ ಹಸಿರು ಹುಲ್ಲು. ತಂದು ಹಾಸಿದ ದಿನವೇ ಮಗುವನ್ನು ಬಿಡಬಹುದು ಎಂದಿದ್ದರು. ನನಗೆ ಬೇಕಾದದ್ದೂ ಅದೇ.

"ಹಾಸೋ ದಿನ ಚಂದ ಇರತೈತಿ" ಅಂದಳು. "ಬಂಗಲ್ಯಾಗೂ ಇದನ್ನ ಹಾಸ್ತಿದ್ರು. ಸಿಹಿ ನೀರು ಬೇಡತೈತಿ, ಉಸುಕಿನ ಮಣ್ಣು ಬೇಡತೈತಿ. ನಿಂದು ಎರಿ ಮಣ್ಣು, ಬ್ಯಾಸಗ್ಯಾಗ ಬಾಯಿ ಬಿಡತೈತಿ. ನೀರು ಸವಳು. ಎರಡು ತಿಂಗಳಿಗೆ ಕೆಂಪಗಾಗಿ ಸಾಯತೈತವ್ವ. ಕರಕಿ ಹಚ್ಚು."

ಕರಕಿ! ನಾನು ಧನ್ವಾಡದ ಹೊಲದವರ ಮನೆಯಲ್ಲಿ ಹುಟ್ಟಿದವಳು. ನಮ್ಮವ್ವ ನಲವತ್ತು ವರ್ಷ ಬೆನ್ನು ಬಗ್ಗಿಸಿ ಹೊಲದಿಂದ ಕಿತ್ತು ಒಗೆದದ್ದು ಕರಕಿಯನ್ನೇ. ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಜೋಳದ ಸಾಲು ತುಂಬಿಬಿಡುತ್ತದೆ ಎಂದು ಕಿತ್ತದ್ದನ್ನು ಒಡ್ಡಿನ ಮೇಲೆ ಹಾಕಿ ಸುಡುತ್ತಿದ್ದಳು. ಅದನ್ನು ಮನೆ ಮುಂದೆ ನಾನಾಗಿ ನೆಡಬೇಕೇ ಎಂದು ಕೇಳಿದೆ.

"ಹೊಲದಾಗ ಸಾಯಂಗಿಲ್ಲ ಅಂತಲೇ ಬೈತೀರಿ. ಅಂಗಳಕ್ಕ ಸಾಯದಂಥಾದೇ ಬೇಕಲ್ಲ?" ಎಂದಳು. ನರ್ಸರಿಯವರಿಗೆ ಹುಲ್ಲು ಬೇಡವೆಂದು ಅಲ್ಲೇ ಫೋನ್ ಮಾಡಿದೆ.

ಮುಂದಿನ ವಾರ ಜೂರಾಲ ಕಾಲುವೆಯ ದಂಡೆಯಿಂದ ಒಂದು ಚೀಲ ಕರಕಿ ತಂದಳು. ಸಿಕ್ಕಿದ್ದನ್ನೆಲ್ಲ ತಂದಿರಲಿಲ್ಲ. ಗೆಣ್ಣಿನಿಂದ ಗೆಣ್ಣಿಗೆ ಉದ್ದ ಅಂತರ ಇರುವುದು ಎಮ್ಮೆಗೆ, ಗೆಣ್ಣು ದಟ್ಟವಾಗಿದ್ದು ಎಲೆ ಸಣ್ಣಗಿರುವುದು ಅಂಗಳಕ್ಕೆ ಎಂದು ಒಂದೊಂದೇ ಎಳೆ ಬೆರಳಲ್ಲಿ ಹಿಡಿದು ತೋರಿಸಿದಳು. ಅಷ್ಟರಲ್ಲಿ ನಾವು ಆಕೆ ಹೇಳಿದ ಹಾಗೆ ಎರೆಮಣ್ಣನ್ನು ಅಗೆದು, ಉಸುಕು ಮತ್ತು ಹಳೆಯ ಸಗಣಿ ಗೊಬ್ಬರ ಬೆರೆಸಿ, ನೀರು ನಿಲ್ಲದ ಹಾಗೆ ಗೇಟಿನ ಕಡೆಗೆ ಸ್ವಲ್ಪ ಇಳಿಜಾರು ಮಾಡಿದ್ದೆವು. ಬೇವಿನ ಗಿಡದ ಬುಡಕ್ಕೆ ಮಾತ್ರ ಆಕೆ ಹಚ್ಚಲಿಲ್ಲ. ಕರಕಿಗೆ ನೆರಳು ಆಗುವುದಿಲ್ಲ, ಅಲ್ಲಿ ಉಸುಕು ಹಾಕಿ ಕೂಸಿಗೆ ಆಡಲು ಬಿಡು ಎಂದಳು. ಅಂಗಳದ ಸುತ್ತ ಒಂದು ಸಾಲು ಕಲ್ಲು ಇಡಿಸಿದಳು. ಆ ಅಂಚಿನ ಕಲ್ಲೇ ಆಕೆಯ ಜಾಗವಾಯಿತು.

ಪ್ರತಿ ಭಾನುವಾರ ಬರುತ್ತಿದ್ದಳು. ಕಳೆ ಕೀಳುವಾಗ ಹುಲ್ಲಿನ ಮೇಲೆ ತುದಿಗಾಲಲ್ಲಿ ಕುಕ್ಕರಗಾಲು ಹಾಕಿ ಹಿಂದಕ್ಕೆ ಸರಿಯುತ್ತಾ ಹೋಗುತ್ತಿದ್ದಳು. ಕೆಲಸ ಮುಗಿಯಿತೆಂದರೆ ಎದ್ದು ಬಂದು ಅಂಚಿನ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕಲ್ಲು ಕಾದು ಸುಡುತ್ತಿದ್ದರೂ ಅಲ್ಲೇ. ಹುಲ್ಲಿನ ಮೇಲೆ ಕುಂದರ್ರಿ ಅಮ್ಮ, ತಂಪೈತಿ ಎಂದು ನಾನು ಎಷ್ಟು ಸಲ ಹೇಳಿದರೂ "ಇರಲಿ ಬಿಡವ್ವ" ಎನ್ನುವುದೊಂದೇ ಮಾತು. ಅದು ಸಂಕೋಚ ಎಂದುಕೊಂಡಿದ್ದೆ. ಒಂದು ದಿನ ನಗುತ್ತಲೇ ಹೇಳಿದಳು. ಬಂಗಲೆಯಲ್ಲಿ ಕಿರಿಮಗಳು ಹೊಟ್ಟೆಯಲ್ಲಿದ್ದಾಗ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಹುಲ್ಲಿನ ಮೇಲೆ ಕೂತಿದ್ದಳಂತೆ. ಅಷ್ಟರಲ್ಲಿ ಗೇಟು ಸಪ್ಪಳವಾಗಿ ಯಜಮಾನರ ಕಾರು ಬಂತು. ಅವರು ಕೆಳಗಿಳಿದು, ಬಂದ ನೆಂಟರ ಎದುರಿಗೆ, ಹುಲ್ಲು ಬೆಳೆಸಿದ್ದು ನಿನ್ನ ಕುಂಡಿಗೇನು ಎಂದು ಕೇಳಿದರಂತೆ.

"ಅವತ್ತಿಂದ ಗೇಟಿನ ಸಪ್ಪಳ ಕೇಳಿದ್ರ ಸಾಕವ್ವ, ಕಾಲು ತಾವೇ ಎದ್ದು ನಿಂದರ್ತಾವ" ಎಂದಳು. ಆಕೆ ನಕ್ಕಳು. ನನಗೆ ನಗು ಬರಲಿಲ್ಲ, ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ನನ್ನ ಜೊತೆ ಆಕೆಯ ಜಗಳವೆಲ್ಲ ನನ್ನ ಗಡಿಬಿಡಿಯ ಬಗ್ಗೆ. ನಾನು ಬೆಳಗ್ಗೆ ಒಮ್ಮೆ, ಶಾಲೆಯಿಂದ ಬಂದು ಒಮ್ಮೆ ನೀರು ಬಿಡುತ್ತಿದ್ದೆ. ಎರಡು ವಾರದಲ್ಲಿ ಅಲ್ಲಲ್ಲಿ ಹಳದಿ ಮಚ್ಚೆ ಕಾಣಿಸಿಕೊಂಡವು. ಆಕೆ ಬಂದವಳೇ ಪೈಪನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ದಿನಾ ಬಾಯಿಗೆ ನೀರು ಹಾಕಿದ್ರ ಬೇರು ಕೆಳಗ ಯಾಕ ಹೋಗತೈತಿ? ಬರಿಗಾಲಾಗ ತುಳಿದು ಹಿಂದ ತಿರುಗಿ ನೋಡು. ಹೆಜ್ಜಿ ಗುರುತು ತಾನ ಎದ್ರ ಹುಲ್ಲಿಗೆ ನೀರಡಿಕಿ ಇಲ್ಲ. ಏಳಲಿಲ್ಲಂದ್ರ ಅವತ್ತು ಬಿಡು, ಹೊಟ್ಟಿ ತುಂಬ ಬಿಡು. ಮತ್ತ ನಾಕು ದಿನ ಮುಟ್ಟಬ್ಯಾಡ."

ನೀರು ಬಿಡಬಾರದೆಂದ ಮೇಲೆ ನನ್ನ ಕೈಗೆ ಕೆಲಸವಿಲ್ಲದಂತಾಯಿತು. ನೆಟ್ಟ ಎಳೆಗಳನ್ನು ಅಲ್ಲೊಂದು ಇಲ್ಲೊಂದು ಮೆಲ್ಲಗೆ ಎಳೆದು, ಬೇರು ಬಿಟ್ಟಿದೆಯೇ ಎಂದು ನೋಡಿ ಮತ್ತೆ ಮಣ್ಣಿಗೆ ಸಿಕ್ಕಿಸುತ್ತಿದ್ದೆ. ಆಕೆಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಯಾರು ಕಿತ್ತು ನೋಡಿದವರು ಎಂದು ಕೇಳಿದಾಗ, ನಾಚಿಕೆ ಬಿಟ್ಟು, ಚಿನ್ನಿ ಎಂದುಬಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಹಂಗಾದ್ರ ಕೂಸಿಗೆ ಹೇಳವ್ವ, ಕಿತ್ತು ನೋಡಿದ ಬೇರು ಮೊದಲಿಂದ ಶುರು ಮಾಡಬೇಕಾಗತೈತಿ ಅಂತ."

ಸಂಜೆ ನಾನು ಚಿನ್ನಿಯನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಕೈ ಬಿಟ್ಟು, ಬಿದ್ದಾಳೆಂದು ತಕ್ಷಣ ಹಿಡಿದು, ಮತ್ತೆ ಬಿಟ್ಟು ಮಾಡುತ್ತಿದ್ದೆ. ಅವಳು ಮಡಚಿ ಕೂಡುತ್ತಿದ್ದಳು. ಮತ್ತೆ ನಿಲ್ಲಿಸುತ್ತಿದ್ದೆ. ಅದನ್ನೂ ಆಕೆ ಅಂಚಿನ ಕಲ್ಲಿನ ಮೇಲಿಂದ ನೋಡುತ್ತಿದ್ದಳು. ಆ ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತಿರಲಿಲ್ಲ.

ಹುಲ್ಲಿನ ನಡುವೆ ಜೇಕು ಎಂಬ ಕಳೆ ಎದ್ದಾಗ ನನ್ನ ಗಂಡ ಅಂಗಡಿಯಿಂದ ಕಳೆ ಸಾಯಿಸುವ ಔಷಧಿಯ ಬಾಟಲಿ ತಂದರು. ಅವರಿಗದು ದಿನದ ವ್ಯಾಪಾರ. ಪಂಪಿಗೆ ತುಂಬಿಸಲು ನಿಂತಿದ್ದೆವು. ಆಕೆ ಓಡಿಬಂದು ನಡುವೆ ನಿಂತಳು. ಆಕೆ ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದ್ದು ಅದೊಂದೇ ಸಲ.

"ಕೂಸು ಅಂಬೆಗಾಲು ಹಾಕೋ ನೆಲ ಇದು ಸಾರು! ಅದರ ಕೈ ಇಲ್ಲೂ ಹೋಗತೈತಿ, ಬಾಯಾಗೂ ಹೋಗತೈತಿ. ತಿಳಿಯಂಗಿಲ್ಲೇನು ನಿಮಗ?"

ಆಮೇಲೆ ತನ್ನ ದನಿಗೆ ತಾನೇ ಅಂಜಿದಂತೆ ತಲೆ ತಗ್ಗಿಸಿ ಕೂತು, ಕುರ್ಪಿಯಿಂದ ಒಂದೊಂದೇ ಜೇಕನ್ನು ಗಡ್ಡೆ ಸಮೇತ ಎತ್ತತೊಡಗಿದಳು. ಮೇಲಿನ ಎಲೆ ಹರಿದರೆ ಒಂದು ಹತ್ತಾಗುತ್ತದೆ, ಕೆಳಗಿನ ಗಡ್ಡೆ ಬರಬೇಕು. ಮೂರು ಭಾನುವಾರ ಅದೇ ಕೆಲಸ. ಗಂಡ ಬಾಟಲಿಯನ್ನು ಅಂಗಡಿಗೆ ವಾಪಸು ಒಯ್ದರು. ಅವತ್ತಿನಿಂದ ಅವರೂ ಆಕೆಗೆ ರೀ ಹಚ್ಚಿ ಮಾತಾಡತೊಡಗಿದರು.

ಶ್ರಾವಣದ ಹೊತ್ತಿಗೆ ಅಂಗಳ ಮುಕ್ಕಾಲು ಹಸಿರಾಗಿತ್ತು. ಆಗಲೇ ನಮ್ಮವ್ವ ಧನ್ವಾಡದಿಂದ ಹದಿನೈದು ದಿನ ಇರಲು ಬಂದಳು. ಅಂಗಳದಾಗ ಲಾನ್ ಮಾಡಸಾಕತ್ತೀವಿ ಎಂದು ಫೋನಿನಲ್ಲಿ ಹೇಳಿದ್ದೆ, ಹೆಚ್ಚಿಗೆ ಬಿಡಿಸಿ ಹೇಳಿರಲಿಲ್ಲ. ಅವಳು ಬಂದದ್ದು ಸಂಜೆ ಕತ್ತಲಾದ ಮೇಲೆ. ಬೆಳಗ್ಗೆ ನಾನು ಗಡಿಬಿಡಿಯಲ್ಲಿ ಶಾಲೆಗೆ ಹೋದೆ.

ಸಾಯಂಕಾಲ ಬಂದು ಗೇಟು ತೆರೆದೆ. ಅಂಗಳ ತುಂಬ ಬರೀ ಕಪ್ಪು ಮಣ್ಣು. ಒಂದು ಎಳೆ ಹಸಿರಿಲ್ಲ. ಬೇವಿನ ಬುಡದಲ್ಲಿ ಸೊಂಟದೆತ್ತರ ಹುಲ್ಲಿನ ರಾಶಿ, ಅದರ ಪಕ್ಕ ಚಿನ್ನಿಯನ್ನು ಕೂಡಿಸಿಕೊಂಡು ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಅಲ್ಲೇ, ಇಷ್ಟು ಕರಕಿ ಇಟಗೊಂಡು ಲಾನ್ ಹೆಂಗ ಹಾಕಸ್ತಿದ್ದಿ? ಮುಂಜಾನಿಂದ ಕುಂತು ಹಸನ ಮಾಡೀನಿ ನೋಡು. ಒಂದು ಗೆಣ್ಣು ಉಳಿಸಿಲ್ಲ."

ಅವ್ವನ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಬೈಯಲೂ ಆಗಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ದೀಪಾವಳಿಗೆ ಎಷ್ಟು ವಾರ ಎಂದು ಬೆರಳು ಮಡಚಿ ಎಣಿಸಿದೆ, ತಪ್ಪಿತೆಂದು ಮತ್ತೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಕಣ್ಣಿಗೆ ಕಾಣುತ್ತಿದ್ದದ್ದು ಚಿನ್ನಿಯ ಕಾಲಿಗೆ ಕಬ್ಬಿಣದ ಪಟ್ಟಿ. ಆ ಕರಕಿಯೇ ನಮ್ಮ ಲಾನ್ ಎಂದು ಅವ್ವನಿಗೆ ತಿಳಿಸಿದಾಗ ಅವಳ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು.

ರಾತ್ರಿಯೇ ಫೋನ್ ಮಾಡಿದ್ದೆ, ಮರುದಿನ ಭಾನುವಾರವಲ್ಲದಿದ್ದರೂ ಕರಕಿ ಅಮ್ಮ ಮೊದಲ ಬಸ್ಸಿಗೇ ಬಂದಳು. ಅಂಗಳ ನೋಡಿದಳು, ರಾಶಿ ನೋಡಿದಳು. ರಾಶಿಯಿಂದ ಒಂದು ಹಿಡಿ ತೆಗೆದು ಬಿಡಿಸಿದಳು. ಅವ್ವ ಬಾಗಿಲ ಹಿಂದೆ ನಿಂತಿದ್ದಳು.

"ಯಾರ್ರೀ ಕಿತ್ತವರು? ಹೊರಗ ಬರ್ರಿ ಅಕ್ಕ" ಎಂದಳು ಆಕೆ. "ಮೂವತ್ತು ವರ್ಷ ಹುಲ್ಲಿನಾಗ ಕೈ ಆಡಿಸೀನಿ, ಹಿಂಗ ಕೀಳಾಕ ನನಗೂ ಬರಂಗಿಲ್ಲ. ಒಂದು ಬೇರು ಹರಿದಿಲ್ಲ ನೋಡ್ರಿ. ಹಸಿ ಆರೂದ್ರಾಗ ಹಚ್ಚಿಬಿಡೋಣ, ಬರ್ರಿ. ಮೊದಲಿನ್ಕಿಂತ ದಟ್ಟ ಬರತೈತಿ."

ಅವ್ವ ಬಂದಳು, ಆದರೆ ಕೂತ ಮೇಲೆ ಅವಳ ಕೈ ಏಳಲಿಲ್ಲ. "ನಲವತ್ತು ವರ್ಷ ಕಿತ್ತ ಕೈ ಇದು. ಇದೇ ಕೈಲಿ ಕರಕಿ ಹಚ್ಚು ಅಂತೀಯಲ್ಲ ತಂಗಿ! ಗಣಪ್ಪಗ ಇಪ್ಪತ್ತೊಂದು ಎಳಿ ಸಾಕು, ಅಂಗಳ ತುಂಬ ಎದಕ್ಕ?"

"ಕೂಸಿಗೆ" ಎಂದಳು ಆಕೆ.

ಅಷ್ಟೇ. ಅವ್ವ ಶಿವಾ ಎಂದು ಒಂದು ಎಳೆ ತೆಗೆದುಕೊಂಡು ಮಣ್ಣಿಗೆ ಒತ್ತಿದಳು. ಹೊತ್ತು ಇಳಿಯುವವರೆಗೆ ಇಬ್ಬರೂ ಎದುರುಬದುರು ಕೂತು, ಎಳೆಗಳನ್ನು ಗೇಣುದ್ದ ತುಂಡು ಮಾಡಿ, ಸಾಲು ಹಿಡಿದು ಹಚ್ಚಿದರು. ಚಿನ್ನಿ ಅವರ ನಡುವೆ ಕೆಸರಿನಲ್ಲಿ ಕೂತು ತಾನೂ ಕಡ್ಡಿ ಚುಚ್ಚುತ್ತಿದ್ದಳು. ಅವ್ವ ತಾನು ಹಚ್ಚಿದ ಸಾಲನ್ನು ನೋಡಿ ನಡುನಡುವೆ ನಿಟ್ಟುಸಿರು ಬಿಡುತ್ತಿದ್ದಳು. ಊರಿಗೆ ಹೋದ ಮೇಲೆ ಈ ಸಂಗತಿಯನ್ನು ಯಾರ ಮುಂದೆಯೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು.

ನಲವತ್ತು ದಿನ ಯಾರೂ ಕಾಲಿಡಬಾರದು ಎಂದು ಕರಕಿ ಅಮ್ಮ ಅಂಚಿಗೆ ಹಗ್ಗ ಕಟ್ಟಿ ಹೋದಳು. ನನಗೆ ಆ ನಲವತ್ತು ದಿನ ಹೇಗೆ ಹೋದವೋ ನಾನೇ ಬಲ್ಲೆ. ಚಿನ್ನಿ ವರಾಂಡದಲ್ಲಿ ಚಾಪೆಯ ಮೇಲೆ ಕೂತು ಅಂಗಳ ನೋಡುತ್ತಿದ್ದಳು, ನಾನು ಚಿನ್ನಿಯನ್ನು ನೋಡುತ್ತಿದ್ದೆ. ಒಮ್ಮೊಮ್ಮೆ ಅವಳು ವರಾಂಡದ ಕಂಬ ಹಿಡಿದು ತಾನೇ ಎದ್ದು ನಿಲ್ಲುತ್ತಿದ್ದಳು. ನಾನು ಉಸಿರು ಹಿಡಿದು ಹತ್ತಿರ ಹೋದರೆ ಕೂತುಬಿಡುತ್ತಿದ್ದಳು.

ದಸರೆಯ ಹೊತ್ತಿಗೆ ಹುಲ್ಲು ನಿಜಕ್ಕೂ ಮೊದಲಿಗಿಂತ ದಟ್ಟವಾಗಿ ಬಂತು. ಆಕೆ ಕುಡುಗೋಲನ್ನು ಕಲ್ಲಿಗೆ ಮಸೆದು, ಮೂರು ಬೆರಳು ಇಟ್ಟು ಅಳೆದು, ಮೇಲಿನ ಒಂದು ಬೆರಳಷ್ಟು ಮಾತ್ರ ಕೊಯ್ದಳು. ಮೊಂಡ ಅಲಗು ಹುಲ್ಲನ್ನು ಕೊಯ್ಯುವುದಿಲ್ಲ, ಹರಿಯುತ್ತದೆ, ಹರಿದ ತುದಿ ಒಣಗುತ್ತದೆ ಎಂದು ಪ್ರತಿ ಸಲವೂ ಮಸೆಯುತ್ತಿದ್ದಳು. ಹಗ್ಗ ಬಿಚ್ಚಿದ ದಿನದಿಂದ ನಾನು ಮತ್ತೆ ಶುರು ಮಾಡಿದೆ. ಎದುರಿಗೆ ಕೂತು, ಎರಡೂ ಕೈ ಚಾಚಿ, ಬಾ ಬಾ ಎಂದು ಕರೆಯುವುದು. ಚಿನ್ನಿ ನನ್ನ ಮುಖ ನೋಡುವುದು, ತುಟಿ ನಡುಗಿಸುವುದು, ಕೂಡುವುದು. ದಿನಾ ಇದೇ. ದೀಪಾವಳಿಗೆ ಒಂದು ವಾರ ಉಳಿಯಿತು.

ಆ ಭಾನುವಾರ ಆಕೆ ಕೆಲಸ ಬೇಗ ಮುಗಿಸಿ ಕುಡುಗೋಲನ್ನು ಬಟ್ಟೆಯಲ್ಲಿ ಸುತ್ತಿದಳು. "ನಾಳಿ ಗದ್ವಾಲಕ ಹೊಂಟೀನವ್ವ. ಕಣ್ಣಿಗೆ ಪೊರಿ ಬಂದೈತಿ, ದೊಡ್ಡ ಮಗಳು ತನ್ನ ಹತ್ರ ಇರು ಅನ್ನಾಕತ್ತಾಳ. ಇನ್ನ ಬರಾಕ ಆಗಂಗಿಲ್ಲ. ನಿನಗ ಎಲ್ಲಾ ಬರತೈತಿ ಈಗ." ನಾನು ಏನೂ ಬರುವುದಿಲ್ಲ ಎಂದೆ. ಚಹಾ ಕೊಟ್ಟೆ. ಆಕೆ ಅಂಚಿನ ಕಲ್ಲಿನ ಮೇಲೆ ಕೂತಳು.

ಚಿನ್ನಿ ವರಾಂಡದ ಕಂಬ ಹಿಡಿದು ನಿಂತಿದ್ದಳು. ನಾನು ಹೋಗಿ ಅಂಗಳದ ನಡುವೆ ಕೂತು ಕೈ ಚಾಚಿದೆ. ಅವಳು ಕಂಬ ಬಿಟ್ಟಳು, ನನ್ನನ್ನು ನೋಡಿದಳು, ಕಾಲು ಮಡಚಿ ಕೂತು ಅತ್ತಳು. ನನಗೂ ತಡೆಯಲಾಗಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಮುಖ ಮುಚ್ಚಿಕೊಂಡೆ.

ಆಕೆ ಚಹಾದ ಲೋಟ ಕೆಳಗಿಟ್ಟು ಎದ್ದು ಬಂದಳು. ಅಂಬೆಗಾಲು ಹಾಕಿಕೊಂಡು ಮತ್ತೆ ಕಂಬದ ಹತ್ತಿರ ಹೋಗಿದ್ದ ಚಿನ್ನಿಯನ್ನು ಒಮ್ಮೆ ನೋಡಿದಳು.

"ನಿನ್ನ ಮಾರಿ ಒಮ್ಮೆ ಕನ್ನಡ್ಯಾಗ ನೋಡಿಕೋ ಟೀಚರಮ್ಮ. ಅದನ್ನ ನೋಡಿ ಕೂಸು ಅಂಜತೈತಿ. ಏಳು. ಗೇಟಿನ ಹತ್ರ ಹೋಗಿ ರಸ್ತಾ ಕಡೆ ಮಾರಿ ಮಾಡಿ ನಿಂದ್ರು."

"ಯಾಕ್ರೀ?"

"ನಾ ಇಲ್ಲಿ ಕುಂದರ್ತೀನಿ. ಯಾರರ ಬಂದ್ರ ಹೇಳು."

ಚೇಷ್ಟೆ ಎಂದುಕೊಂಡು ಆಕೆಯ ಮುಖ ನೋಡಿದೆ. ಆಕೆ ನಗುತ್ತಿರಲಿಲ್ಲ. ತೊಟ್ಟ ಚಪ್ಪಲಿ ಕಲ್ಲಿನ ಮೇಲೆ ಬಿಟ್ಟು ಗೇಟಿನ ಕಡೆಗೇ ನೋಡುತ್ತಿದ್ದಳು. ನಾನು ಹೋಗಿ ನಿಂತೆ.

ಹಿಂದೆ ಬಳೆ ಸಪ್ಪಳವಾಯಿತು. ಮೊಣಕಾಲಿನ ಎಲುಬು ಲಟಕ್ ಅಂದದ್ದು ಕೇಳಿಸಿತು. ಆಮೇಲೆ ಒಂದು ಉದ್ದನೆಯ ಉಸಿರು. ಆಕೆ ಕೂತಿದ್ದಳು. ರಸ್ತೆಯಲ್ಲಿ ಹತ್ತಿ ತುಂಬಿದ ಆಟೋ ಮರಿಕಲ್ ಕಡೆಗೆ ಹೋಯಿತು. ನಾನು ಗೇಟಿನ ಸರಳು ಹಿಡಿದುಕೊಂಡೆ. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು.

"ಬಾರವ್ವ ಚಿನ್ನಿ. ಬಿದ್ರೂ ಹುಲ್ಲೈತಿ. ನಾನೂ ಕುಂತೀನಿ ನೋಡು."

ಏನೂ ಸಪ್ಪಳವಿಲ್ಲ. ಎದುರು ಮನೆಯ ಯಜಮಾನರು ಸೈಕಲ್ ತಳ್ಳಿಕೊಂಡು ನಮ್ಮ ಗೇಟಿನತ್ತ ಬಂದರು, ಏನೋ ಕೇಳಬೇಕೆಂದು ಬಾಯಿ ತೆರೆದರು. ನಾನು ಅಂಗೈ ಎತ್ತಿ ಅವರನ್ನು ಅಲ್ಲೇ ನಿಲ್ಲಿಸಿದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ, ನನ್ನ ಮುಖ ನೋಡಿ ಸುಮ್ಮನೆ ಹಿಂದಕ್ಕೆ ತಿರುಗಿದರು. ಆಗ ಚಿನ್ನಿ ನಕ್ಕ ಸಪ್ಪಳ ಕೇಳಿತು. ಆ ನಗು ಕಂಬದ ಹತ್ತಿರದಿಂದ ಬರಲಿಲ್ಲ, ಅಂಗಳದ ನಡುವಿನಿಂದ ಬಂತು.

ತಿರುಗಿದೆ. ಚಿನ್ನಿ ಆಕೆ ಚಾಚಿದ ಕಾಲುಗಳ ಮೇಲೆ ಕೂತು ಆಕೆಯ ಬಳೆ ತಿರುಗಿಸುತ್ತಿದ್ದಳು. ಆಕೆ ನನ್ನ ಕಡೆ ನೋಡಿ ಮೊದಲು ಕೇಳಿದ್ದು ಬೇರೆಯೇ.

"ಯಾರೂ ಬರಲಿಲ್ಲಲ್ಲ?"

"ಇಲ್ರೀ ಅಮ್ಮ. ಯಾರೂ ಬರಂಗಿಲ್ಲ. ಕುಂದರ್ರಿ."

ಬಸ್ಸಿನ ಹೊತ್ತಾಗುವವರೆಗೆ ಕೂತಳು. ಆಮೇಲೆ ಹೋದಳು, ಮತ್ತೆ ಬರಲಿಲ್ಲ. ಗದ್ವಾಲಿನಿಂದ ಫೋನಿನಲ್ಲಿ ಪ್ರತಿ ಸಲವೂ ಹುಲ್ಲು ಹೇಗಿದೆ ಎಂದು ಮೊದಲು ಕೇಳಿ, ಆಮೇಲೆ ಕೂಸನ್ನು ಕೇಳುತ್ತಿದ್ದಳು.

ನನ್ನ ಮಗಳ ಹೆಜ್ಜೆಗಳನ್ನು ನಾನು ನೋಡಲಿಲ್ಲ. ನಾನು ಗೇಟು ಕಾಯುತ್ತಿದ್ದೆ. ಆಕೆ ಹೋದ ಮೇಲೆ ಇಳಿಬಿಸಿಲಿನಲ್ಲಿ ಬಗ್ಗಿ ನೋಡಿದರೆ, ಕಂಬದ ಕಡೆಯಿಂದ ಅಂಗಳದ ನಡುವಿನವರೆಗೆ ಹುಲ್ಲಿನಲ್ಲಿ ಏಳು ಪುಟ್ಟ ಗುರುತು. ಅವು ಮುಗಿಯುವಲ್ಲಿ ಒಬ್ಬರು ಕೂತೆದ್ದಷ್ಟು ಹುಲ್ಲು ಮಲಗಿತ್ತು. ಒಂದೂ ಎದ್ದಿರಲಿಲ್ಲ. ಹುಲ್ಲಿಗೆ ನೀರಡಿಕೆಯಾಗಿತ್ತು, ಅವತ್ತು ನೀರು ಬಿಡಬೇಕಾದ ದಿನ. ಪೈಪು ಕೈಗೆ ತೆಗೆದುಕೊಂಡೆ, ನೀರು ಬಿದ್ದರೆ ಗುರುತು ಏಳುತ್ತವೆಂದು ಮತ್ತೆ ಕೆಳಗಿಟ್ಟೆ. ಅವತ್ತು ನೀರು ಬಿಡಲಿಲ್ಲ.